ಬೀಡಿ ಎಲೆಯಷ್ಟು ಸಂದು

ತೊಕ್ಕೊಟ್ಟಿನ ತಿರುವಿನಲ್ಲಿ ಹಸನಬ್ಬ ಬ್ರೇಕು ಒತ್ತಿದಾಗ
ನನ್ನ ಎಡಗಾಲ ಬೆರಳು ಫುಟ್‌ಬೋರ್ಡಿನ ಸಂದಿನಲ್ಲಿತ್ತು,
ಮೈ ಮಾತ್ರ ಆಗಲೇ ರಸ್ತೆಗೆ ಇಳಿದಿತ್ತು.
ಇಪ್ಪತ್ತೆರಡು ವರ್ಷದಲ್ಲಿ ಅದೊಂದೇ ಸಲ
ಕಾಲೂ ನಾನೂ ಬೇರೆ ಬೇರೆ ಸ್ಟಾಪಿನಲ್ಲಿ ಇಳಿದದ್ದು.

ಉಳುಕು ಅಂದುಕೊಂಡೆ. ಕಂಬಕ್ಕೆ ಒರಗಿ
ಮುಡಿಪುವರೆಗೂ ಟಿಕೇಟು ಹರಿದೆ.
ರಾತ್ರಿ ಗುಲಾಬಿ ಕಾಲು ಎತ್ತಿ ನೋಡಿದಳು:
ಮೇಲೆ ಬರೀ ಬಾವು. ಅಡಿಯಲ್ಲಿ, ಅಂಗಾಲಿನ ನಡುವೆ,
ಪುನರ್ಪುಳಿ ಹಿಂಡಿ ಚೆಲ್ಲಿದ ಹಾಗೆ ನೀಲಿಗೆಂಪು.
"ಇದು ಉಳುಕಲ್ಲ ಮಾರಾಯ್ರೆ, ಒಳಗೆ ಎಂತದೋ ಉಂಟು."
ಮರುದಿನ ಎಣ್ಣೆ ತಿಕ್ಕಲು ಬಂದ ಭಾವನನ್ನು
ಅಂಗಳದಲ್ಲೇ ಚಾ ಕುಡಿಸಿ ಕಳಿಸಿದಳು.

ಡಾಕ್ಟರ್ ಪ್ರೆಸಿಲ್ಲಾ ಲೋಬೋ ನಿಲ್ಲಿಸಿಯೇ ಎಕ್ಸ್‌ರೇ ತೆಗೆಸಿದರು,
ಎರಡೂ ಪಾದ ಪಕ್ಕಪಕ್ಕ, ಭಾರ ಸಮ ಹಂಚಿ.
ಮಲಗಿದ ಕಾಲು ಸುಳ್ಳು ಹೇಳುತ್ತದೆ ಅಂದರು.
ನಿಂತ ಕಾಲು ಹೇಳಿದ ನಿಜಕ್ಕೆ
ನಾನು ಹಲ್ಲು ಕಚ್ಚಿ ಸಾಕ್ಷಿ.
ಬೆಳಕಿನ ಹಲಗೆಯಲ್ಲಿ ಬಿಳಿ ಕಲ್ಲುಗಳು
ಗಾರೆಯಿಲ್ಲದ ಕಮಾನಿನಂತೆ ಒಂದನ್ನೊಂದು ಒತ್ತಿ ನಿಂತಿದ್ದವು.
ಹೆಬ್ಬೆರಳ ಎಲುಬು, ಅದರ ಪಕ್ಕದ್ದು, ನಡುವೆ ಸಂದು.
"ಎಷ್ಟು ಬಿಟ್ಟಿದೆ?" ಗುಲಾಬಿ ಕೇಳಿದಳು.
ಡಾಕ್ಟರು ಅವಳ ಬೆರಳಿನ ಕಪ್ಪು ನೋಡಿರಬೇಕು:
"ಬಲಗಾಲಿಗಿಂತ ಒಂದು ಬೀಡಿ ಎಲೆಯ ದಪ್ಪ ಹೆಚ್ಚು. ಅಷ್ಟೇ.
ನಾರು ಎಳೆದಿದೆ, ಪೂರ್ತಿ ಹರಿದಿಲ್ಲ.
ಕೊಯ್ಯುವುದು ಬೇಡ, ಸ್ಕ್ರೂ ಬೇಡ. ಆರು ವಾರ
ಈ ಕಾಲು ನೆಲ ಮುಟ್ಟಬಾರದು.
ಎರಡು ವಾರ ಬಿಟ್ಟು ಇನ್ನೊಮ್ಮೆ ನಿಲ್ಲಿಸಿ ನೋಡುತ್ತೇನೆ.
ಸಂದು ಬೆಳೆದಿದ್ದರೆ ಆಗ ಬೇರೆ ಮಾತು."

ಆರು ವಾರ!
ಮೊದಲ ವಾರ ಮನೆಯನ್ನೇ ಬಸ್ಸು ಮಾಡಿದೆ.
ಪ್ಲಾಸ್ಟರಿನ ಕಾಲು ದಿಂಬಿನ ಮೇಲೆ, ಬಾಯಿ ಮಾತ್ರ ಡ್ಯೂಟಿಯಲ್ಲಿ:
ದುಂಬು ಪೋಲೆ, ದುಂಬು ಪೋಲೆ,
ಬೆಕ್ಕಿಗೆ, ಕೋಳಿಗೆ, ಟಿವಿಯೊಳಗಿನ ಜನಕ್ಕೆ.
ಹೊರಗೆ ನನ್ನ ಬಸ್ಸು, ನನ್ನದಲ್ಲದ ಸೀಟಿ.
ಬದಲಿ ಹುಡುಗ ತೀರಾ ಉದ್ದ ಊದುತ್ತಾನೆ.

ಅವಳು ಬಾಗಿಲ ಬೆಳಕಿಗೆ ಕೂತಿರುತ್ತಿದ್ದಳು,
ಕಾಲು ಚಾಚಿ, ತೊಡೆಯ ಮೇಲೆ ಗೆರಸೆ,
ಕತ್ತರಿ, ಹೊಗೆಸೊಪ್ಪು, ಒದ್ದೆಬಟ್ಟೆಯಲ್ಲಿ ಎಲೆ.
ಹದಿನೆಂಟು ವರ್ಷ ಅದೇ ಜಾಗ. ನಾನು ಕಂಡದ್ದು
ಬೆಳಗ್ಗೆ ಐದೂವರೆಗೆ ಅವಳ ಬೆನ್ನು, ರಾತ್ರಿ ಹತ್ತಕ್ಕೆ ಅದೇ ಬೆನ್ನು.
ನಡುವಿನ ಹೊತ್ತನ್ನು ಈಗ ನೋಡಿದೆ:
ನೂಲು ಕಚ್ಚುವಾಗ ಕಣ್ಣು ಮುಚ್ಚುತ್ತಾಳೆ,
ಪ್ರತಿ ಕಟ್ಟು ಮುಗಿದಾಗ ಕುತ್ತಿಗೆ ತಿರುಗಿಸುತ್ತಾಳೆ,
ಏಳುವಾಗ ಗೋಡೆಯ ಅಪ್ಪಣೆ ಕೇಳಿ ಏಳುತ್ತಾಳೆ.
ಅವಳ ಕಾಲೂ ಜೋಮು ಹಿಡಿಯುತ್ತದೆ ಎಂದು
ಯಾರೂ ನನಗೆ ಎಕ್ಸ್‌ರೇ ತೋರಿಸಿರಲಿಲ್ಲ.

ಎರಡು ವಾರ ಕಳೆದು ನಿಂತಾಗ ಸಂದು ಅಷ್ಟೇ ಇತ್ತು.
ಆ ರಾತ್ರಿ ನಾನೂ ಒಂದು ಗೆರಸೆ ಎಳೆದುಕೊಂಡೆ.
ನೋಟು ಎಣಿಸುವ ಬೆರಳಿಗೆ ಎಲೆ ಒಗ್ಗಲಿಲ್ಲ.
"ಇದನ್ನು ಬ್ರಾಂಚಿನವರು ನನ್ನ ಮುಖಕ್ಕೇ ಎಸೆಯುತ್ತಾರೆ.
ಇಷ್ಟು ಬಿಗಿದರೆ ಎಲೆ ಒಡೆಯುತ್ತದೆ,
ಸಡಿಲ ಬಿಟ್ಟರೆ ಹುಡಿ ಉದುರುತ್ತದೆ."
ನನ್ನ ಬೆರಳ ಮೇಲೆ ಬೆರಳಿಟ್ಟು ಸುತ್ತಿಸಿದಳು.
ಪ್ಲಾಸ್ಟರಿನೊಳಗೆ, ಕತ್ತಲಲ್ಲಿ,
ಹಾಗೇ ಯಾರೋ ಕೂತು ಸುತ್ತುತ್ತಿದ್ದರೋ ಏನೋ.

ಈಗ ಏಳನೇ ವಾರ. ಪಕ್ಕದ ಮನೆಯ ತೂಕದ ಯಂತ್ರ ತಂದಿದ್ದೇವೆ.
ಎಡಗಾಲು ಇಟ್ಟು ಮುಳ್ಳು ನೋಡುತ್ತೇನೆ:
ಇವತ್ತು ಹತ್ತು ಕಿಲೋ, ನಾಡಿದ್ದು ಹದಿನೈದು.
ನನ್ನನ್ನೇ ನಾನು ಕಂತಿನಲ್ಲಿ ನೆಲಕ್ಕೆ ಕೊಡುತ್ತಿದ್ದೇನೆ.
ಚಪ್ಪಲಿಯೊಳಗೆ ಕಮಾನು ಹೊರುವ ಮೆತ್ತೆ, ಕಂಕುಳಲ್ಲಿ ಊರುಗೋಲು,
ಬಾಗಿಲವರೆಗೆ ಹನ್ನೊಂದು ಹೆಜ್ಜೆ.
ರಸ್ತೆಯಲ್ಲಿ ಸೀಟಿ ಕೇಳಿತು. ಕಾಲು ತಾನಾಗಿ ಅವಸರಿಸಿತು.
ಗೆರಸೆಯಿಂದ ಕಣ್ಣೆತ್ತದೆ ಅವಳು:
"ನಿಧಾನ. ಹಿಂದೆ ಯಾರೂ ಹಾರ್ನ್ ಹಾಕುತ್ತಿಲ್ಲ."